ಕ್ವಾರಿ ಬ್ಯಾಂಕ್ ಗಿರಣಿ: ಕರ್ನಾಟಕದ ಮ್ಯಾಂಚೆಸ್ಟರ್‌ನಿಂದ ಹೋದವನ ಅನಿಸಿಕೆ

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು. ಮೇಷ್ಟ್ರು ಹೇಳುತ್ತಿದ್ದರು, ಸಭೆಗಳಲ್ಲಿ ಭಾಷಣಕಾರರು ಹೇಳುತ್ತಿದ್ದರು. ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುವ ಊರು ಅದು. ನಾನು 1974ರಲ್ಲಿ, ಹದಿನೆಂಟು ತುಂಬಿದ ಕೂಡಲೇ, ಅಲ್ಲಿನ ಒಂದು ಮಿಲ್ಲಿಗೆ ಬದಲಿ ಕೆಲಸಗಾರನಾಗಿ ಸೇರಿದೆ. ಆಮೇಲೆ ನೂಲು ತೆಗೆಯುವ ರಿಂಗ್ ಫ್ರೇಮ್ ವಿಭಾಗದಲ್ಲಿ ಸೈಡರ್, ಅಂದರೆ ಯಂತ್ರದ ಬದಿ ನೋಡಿಕೊಳ್ಳುವವನು, ಆದೆ. ಇಪ್ಪತ್ತೊಂದು ವರ್ಷ ನೂಲು ತೆಗೆದೆ. ಯಾವ ಮಿಲ್ಲು ಅಂತ ಹೆಸರು ಬೇಡ. ಅದು ಮುಚ್ಚಿತು, ನಮ್ಮ ಬಾಕಿ ಹಣಕ್ಕಾಗಿ ನಾವು ವರ್ಷಗಟ್ಟಲೆ ಅಲೆದೆವು, ನನ್ನ ಜೊತೆಗಾರರಲ್ಲಿ ಕೆಲವರು ಆ ಹಣ ಕೈಗೆ ಬರುವ ಮೊದಲೇ ತೀರಿಕೊಂಡರು.

ಈಗ ಮಗಳು, ಅಳಿಯ ನಿಜವಾದ ಮ್ಯಾಂಚೆಸ್ಟರ್‌ನಲ್ಲಿದ್ದಾರೆ. ಮೂರು ತಿಂಗಳು ಇದ್ದು ಬರಲು ಹೋದಾಗ ಅವರು ಸರೋವರ, ಕೋಟೆ, ಫುಟ್‌ಬಾಲ್ ಮೈದಾನ ಅಂತ ಪಟ್ಟಿ ಮಾಡಿಟ್ಟಿದ್ದರು. ನಾನು ಕೇಳಿದ್ದು ಒಂದೇ: ಹಳೇ ಹತ್ತಿ ಗಿರಣಿ ಯಾವುದಾದರೂ ನೋಡಲು ಸಿಗುತ್ತದೆಯೇ? ಹಾಗೆ ಹೋಗಿದ್ದು ಸ್ಟೈಯಲ್ ಎಂಬ ಹಳ್ಳಿಯ ಕ್ವಾರಿ ಬ್ಯಾಂಕ್ ಗಿರಣಿಗೆ. ನಮ್ಮ ಕಡೆಯಿಂದ ಮಕ್ಕಳ ಮನೆಗೆ ಅಂತ ಇಂಗ್ಲೆಂಡಿಗೆ ಹೋಗುವ ಹಿರಿಯರು ಈಗ ತುಂಬಾ ಜನ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಜಾಗ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ನಾವು ಮಗಳ ಕಾರಿನಲ್ಲಿ ಹೋದೆವು. ಕಾರು ನಿಲ್ಲಿಸುವ ಜಾಗ ಮೇಲಿದೆ, ಗಿರಣಿ ಕೆಳಗೆ ಕಣಿವೆಯಲ್ಲಿ, ಬೋಲಿನ್ ಎಂಬ ಸಣ್ಣ ನದಿಯ ದಂಡೆಯಲ್ಲಿದೆ. ಮಂಡಿನೋವು ಇರುವವರು ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯಬೇಕು, ಹತ್ತುವಾಗ ಇನ್ನೂ ನಿಧಾನ. ಸುತ್ತ ಕಾಡು, ಒಡೆಯರ ಮನೆಯ ತೋಟ, ಹಕ್ಕಿ, ನೀರಿನ ಸದ್ದು. ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ ಮರಗಳ ನಡುವೆ ಕಾಣಿಸಿಕೊಂಡಾಗ ನನಗೆ ಮೊದಲು ಹೊಳೆದದ್ದು ಅದರ ಕಿಟಕಿಗಳು. ಸಾಲು ಸಾಲು, ಒಂದೇ ಅಳತೆ, ಮಹಡಿ ಮೇಲೆ ಮಹಡಿ. ಯಾವ ದೇಶದಲ್ಲೇ ಇರಲಿ, ಹತ್ತಿ ಗಿರಣಿಯನ್ನು ದೂರದಿಂದಲೇ ಗುರುತಿಸಬಹುದು.

1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬ ವ್ಯಾಪಾರಿ ಇದನ್ನು ಕಟ್ಟಿಸಿದ. 1939ರಲ್ಲಿ ಅದೇ ಮನೆತನದವರು ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನ ಕೊಟ್ಟರು. ಈಗ ಅದು ವಸ್ತುಸಂಗ್ರಹಾಲಯ. ಆದರೆ ಗಾಜಿನ ಪೆಟ್ಟಿಗೆಯೊಳಗೆ ಸತ್ತ ವಸ್ತುಗಳನ್ನು ಇಟ್ಟಿರುವ ಜಾಗವಲ್ಲ. ಯಂತ್ರಗಳನ್ನು ನಡೆಸಿ ತೋರಿಸುತ್ತಾರೆ, ಹತ್ತಿ ಹಿಂಜುತ್ತಾರೆ, ನೂಲು ತೆಗೆಯುತ್ತಾರೆ, ನೇಯುತ್ತಾರೆ. ಒಳಗೆ ಕಾಲಿಟ್ಟಾಗ ಎಣ್ಣೆ, ಹತ್ತಿ, ಹಳೇ ಮರದ ನೆಲ ಮೂರೂ ಸೇರಿದ ವಾಸನೆ ಬಂತು. ಇಪ್ಪತ್ತೊಂಬತ್ತು ವರ್ಷದಿಂದ ಮೂಗಿಗೆ ಬೀಳದ ವಾಸನೆ ಅದು. ಮಗಳು "ಅಪ್ಪಾ, ಕೂತ್ಕೋತೀಯಾ?" ಅಂದಳು. ನಾನು ಕೂರಲಿಲ್ಲ.

ಮೊದಲು ತೋರಿಸುವುದು ಕೈಕೆಲಸ. ಒಬ್ಬ ಹೆಂಗಸು ರಾಟೆ ಮುಂದೆ ಕೂತು ನೂಲುತ್ತಾಳೆ, ಪಕ್ಕದಲ್ಲಿ ಕೈಮಗ್ಗ. ಒಂದು ಮಗ್ಗಕ್ಕೆ ನೂಲು ಒದಗಿಸಲು ಮನೆಮಂದಿಯೆಲ್ಲ ರಾಟೆ ತಿರುಗಿಸಬೇಕಿತ್ತು ಎನ್ನುವುದನ್ನು ಅವಳು ತಾಳ್ಮೆಯಿಂದ ವಿವರಿಸಿದಳು. 1733ರಲ್ಲಿ ಹಾರುವ ಲಾಳಿ ಬಂದ ಮೇಲೆ ನೇಯ್ಗೆ ಚುರುಕಾಯಿತು, ನೂಲು ಸಾಲದಾಯಿತು. ಆ ಕೊರತೆ ತುಂಬಲು ನೂಲುವ ಯಂತ್ರಗಳು ಬಂದವು: 1760ರ ದಶಕದಲ್ಲಿ ಜೆನ್ನಿ, 1769ರಲ್ಲಿ ಆರ್ಕ್‌ರೈಟ್‌ನ ನೀರಿನ ಫ್ರೇಮು, 1779ರಲ್ಲಿ ಕ್ರಾಂಪ್ಟನ್‌ನ ಮ್ಯೂಲ್. ಒಂದರ ಹಿಂದೆ ಒಂದು, ನೂರು ವರ್ಷವೂ ಹಿಡಿಯಲಿಲ್ಲ. ಮನೆಯ ಮೂಲೆಯಲ್ಲಿದ್ದ ರಾಟೆ ನದಿಯ ದಂಡೆಗೆ ಬಂತು. ರಾಟೆ ಮನೆಯವರದಾಗಿತ್ತು. ಆರ್ಕ್‌ರೈಟ್‌ನ ಫ್ರೇಮನ್ನು ಯಾವ ಕೂಲಿಕಾರನೂ ಮನೆಯಲ್ಲಿ ಇಟ್ಟುಕೊಳ್ಳಲಾರ, ಅದಕ್ಕೆ ನೀರಿನ ಚಕ್ರ ಬೇಕು, ನಾಲೆ ಬೇಕು, ಅಷ್ಟು ದೊಡ್ಡ ಕಟ್ಟಡ ಬೇಕು. ಅದೆಲ್ಲ ಇದ್ದವನು ಗ್ರೆಗ್. ಕೈ ಮಾತ್ರ ಇದ್ದವರು ಅವನ ಬಾಗಿಲಿಗೆ ಬಂದರು. ಬಂಡವಾಳಶಾಹಿ ಅಂದರೆ ಏನು ಅಂತ ಯುವಕರಿಗೆ ಹೇಳಿಕೊಡಲು ನಾನು ಎಷ್ಟೋ ಸಂಜೆ ಯೂನಿಯನ್ ಕಚೇರಿಯಲ್ಲಿ ಒದ್ದಾಡಿದ್ದೇನೆ. ಈ ಗಿರಣಿಯ ಎರಡು ಕೋಣೆಗಳ ನಡುವಿನ ಬಾಗಿಲು ದಾಟಿದರೆ ಅದು ಕಣ್ಣಿಗೆ ಕಾಣುತ್ತದೆ.

ರಾಟೆಯ ಆ ಕೋಣೆಯಲ್ಲಿ ನಮ್ಮ ದೇಶದ ನೆನಪು ಬಾರದೆ ಇರದು. ಇಂಗ್ಲೆಂಡಿನವರು ನಮ್ಮ ಹತ್ತಿ ಬಟ್ಟೆಗೆ ಮಾರುಹೋಗಿದ್ದ ಕಾಲ ಅದಕ್ಕೂ ಹಿಂದಿನದು. ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಗಲಾಟೆ ಮಾಡಿದ ಮೇಲೆ 1700ರಲ್ಲಿ ಒಂದು ಕಾಯಿದೆ, 1721ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ತಂದು ಭಾರತದ ಬಣ್ಣದ ಅಚ್ಚಿನ ಚೀಟಿ ಬಟ್ಟೆಯನ್ನು ತಡೆದರು. ಮಾರುಕಟ್ಟೆ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಬೆಳೆಸುತ್ತದೆ ಅಂತ ಇವತ್ತು ನಮಗೆ ಪಾಠ ಹೇಳುವವರು ಈ ಎರಡು ಇಸವಿಗಳನ್ನು ಬರೆದಿಟ್ಟುಕೊಳ್ಳಬೇಕು. ಬಾಗಿಲು ಹಾಕಿಕೊಂಡು ಬೆಳೆದರು, ಬೆಳೆದ ಮೇಲೆ ನಮ್ಮ ಬಾಗಿಲನ್ನು ಒಡೆದರು.

ಇನ್ನು ಮ್ಯೂಲ್. ಇದನ್ನು ನೋಡಲೆಂದೇ ನೀವು ಅಲ್ಲಿಗೆ ಹೋಗಬೇಕು.

ನಮ್ಮ ರಿಂಗ್ ಫ್ರೇಮು ನಿಂತಲ್ಲೇ ನೂಲು ತಿರುಚಿ ಬಾಬಿನ್‌ಗೆ ಸುತ್ತುತ್ತದೆ. ಮ್ಯೂಲ್ ಹಾಗಲ್ಲ. ಕದಿರುಗಳ ಉದ್ದನೆಯ ಗಾಡಿ ಹಳಿಗಳ ಮೇಲೆ ಮುಂದಕ್ಕೆ ಬರುತ್ತದೆ, ಬರುವಾಗ ಎಳೆಗಳನ್ನು ಜಗ್ಗುತ್ತ ತಿರುಚುತ್ತ ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಹೋಗುತ್ತ ಅಷ್ಟನ್ನೂ ಸುತ್ತಿಕೊಳ್ಳುತ್ತದೆ. ಸಮುದ್ರದ ಅಲೆ ಬಂದು ಹೋದ ಹಾಗೆ. ನೂರಾರು ಎಳೆ ಒಟ್ಟಿಗೆ ಬಿಗಿಯಾಗುವುದು, ಒಟ್ಟಿಗೆ ಸಡಿಲವಾಗುವುದು. ನಾನು ಹೆಸರು ಕೇಳಿದ್ದೆ, ಚಿತ್ರ ನೋಡಿದ್ದೆ, ನಡೆಯುವುದನ್ನು ಕಂಡಿರಲಿಲ್ಲ. ನಿಂತು ನೋಡುತ್ತ ಕಣ್ಣು ತುಂಬಿತು. ಮನುಷ್ಯನ ಕೈ ಮತ್ತು ಬುದ್ಧಿ ಸೇರಿ ಮಾಡಿದ ಅಷ್ಟು ಚೆಂದದ ವಸ್ತುವನ್ನು ನಾನು ಬೇರೆಲ್ಲೂ ನೋಡಿಲ್ಲ.

ಗಾಡಿ ಹೊರಗೆ ಬಂದಾಗ ಅದರ ಮತ್ತು ಯಂತ್ರದ ನಡುವೆ ನೆಲದ ಮೇಲೆ ಖಾಲಿ ಜಾಗ ಬಿಡುತ್ತದಲ್ಲ, ಆ ಜಾಗವನ್ನು ತೋರಿಸಿ ಗೈಡು ಹೇಳಿದ: ಎಳೆಗಳ ಕೆಳಗೆ ಮಕ್ಕಳು ತೆವಳಿ ಹೋಗಿ ಬಿದ್ದ ಹತ್ತಿಯನ್ನು ಗುಡಿಸಬೇಕಿತ್ತು. ಗಾಡಿ ವಾಪಸ್ಸು ಬರುವುದರೊಳಗೆ ಹೊರಗೆ ಬರಬೇಕು. ದೊಡ್ಡವರ ಮೈ ಅಲ್ಲಿ ಹಿಡಿಸುವುದಿಲ್ಲ. ಅವನು ಅದನ್ನು ನಾಟಕೀಯವಾಗಿ ಹೇಳಲಿಲ್ಲ, ಮಾಮೂಲಿ ದನಿಯಲ್ಲಿ ಹೇಳಿದ. ಆಮೇಲೆ ಗಾಡಿಯನ್ನು ಇನ್ನೊಮ್ಮೆ ನಡೆಸಿದ. ಈ ಸಲ ಯಾರೂ ಎಳೆಗಳನ್ನು ನೋಡಲಿಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ.

ಮಧ್ಯದಲ್ಲಿ ಒಂದು ಎಳೆ ಹರಿಯಿತು. ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಕಂಬಿ ಅಡ್ಡ ಇತ್ತು, ನಿಲ್ಲಿಸಿಕೊಂಡೆ. ಗೈಡು ಅದನ್ನು ಗಮನಿಸಿದ. ಯಂತ್ರ ನಿಂತ ಮೇಲೆ ಹತ್ತಿರ ಬಂದು, ನೀವು ಗಿರಣಿಯವರಾ ಅಂತ ಕೇಳಿದ. ಮಗಳು ಹೇಳಿದಳು. ಅವನು ಒಂದು ತುಂಡು ರೋವಿಂಗ್ ತಂದು ನನ್ನ ಕೈಯಲ್ಲಿಟ್ಟ. ರೋವಿಂಗ್ ಅಂದರೆ ನೂಲಾಗುವ ಮೊದಲಿನ ಸಡಿಲ ಎಳೆ, ಜೋರಾಗಿ ಉಸಿರು ಬಿಟ್ಟರೂ ಹರಿಯುತ್ತದೆ. ನಾನು ಅದನ್ನು ಎರಡು ತುಂಡು ಮಾಡಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಸಲ ಹೊಸೆದೆ. ಗಂಟಿಲ್ಲ, ಉಬ್ಬಿಲ್ಲ. ಅವನು ಎರಡೂ ತುದಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿ ತಲೆಯಾಡಿಸಿದ. ನಮ್ಮ ಪಾಳಿಯಲ್ಲಿ ದಿನಕ್ಕೆ ಸಾವಿರಾರು ಸಲ ಮಾಡುತ್ತಿದ್ದ ಕೆಲಸ ಅದು. ಇನ್ನೂರು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಪೀಸರ್ ಅಂತ ಕರೆಸಿಕೊಂಡ ಹುಡುಗರು ಇದೇ ಎರಡು ಬೆರಳಿನಿಂದ ಇದೇ ಹೊಸೆತ ಹೊಸೆದರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಬೆರಳಿಗೆ ಮಾತ್ರ ಎಲ್ಲ ಗೊತ್ತು.

ನೇಯ್ಗೆಯ ಕೋಣೆಯಲ್ಲಿ ಲ್ಯಾಂಕಷೈರ್ ಎಂಬ ಹತ್ತಿ ಗಿರಣಿಗಳ ಸೀಮೆಯ ಹೆಸರಿನ ಯಂತ್ರಮಗ್ಗಗಳಿವೆ. ಕೆಲವನ್ನು ಮಾತ್ರ ನಡೆಸಿದರೂ ಎದೆ ನಡುಗುವಷ್ಟು ಸದ್ದು. ಚಿಕ್ಕ ಮಕ್ಕಳಿಗೆ ಕಿವಿ ಮುಚ್ಚಿಸಿ. ಅಲ್ಲಿ ಲಾಳಿ ತೋರಿಸಿ ಒಂದು ಸಂಗತಿ ಹೇಳುತ್ತಾರೆ. ಲಾಳಿಗೆ ಹೊಸ ನೂಲು ತುಂಬಿದಾಗ ಅದರ ತೂತಿಗೆ ಬಾಯಿ ಹಚ್ಚಿ ಎಳೆಯನ್ನು ಉಸಿರಿನಿಂದ ಹೀರಿ ಹೊರಗೆ ತೆಗೆಯಬೇಕಿತ್ತು. ಲಾಳಿಗೆ ಮುತ್ತು ಕೊಡುವುದು ಅಂತ ಅಲ್ಲಿನ ಮಾತು. ಒಂದೇ ಲಾಳಿಗೆ ಹಲವರ ಬಾಯಿ, ಒಬ್ಬರ ರೋಗ ಇನ್ನೊಬ್ಬರಿಗೆ.

ಅದನ್ನು ಕೇಳುವಾಗ ನನಗೆ ಮುಂಬೈ ಗಿರಣಿಗಳ ನೆನಪು ಬಂತು. ಅಲ್ಲಿ ಇದೇ ಬಾಯಿಯ ಕಾರಣಕ್ಕೆ ಅಸ್ಪೃಶ್ಯರನ್ನು ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ಅವರ ಬಾಯಿ ತಾಗಿದ ಲಾಳಿಯನ್ನು ಸವರ್ಣ ಕೆಲಸಗಾರರು ಮುಟ್ಟಲು ಒಪ್ಪುತ್ತಿರಲಿಲ್ಲ. ಕೂಲಿ ಹೆಚ್ಚು ಇದ್ದದ್ದು ನೇಯ್ಗೆಯಲ್ಲೇ. 1928ರ ಮಹಾ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಮುಷ್ಕರ ನಡೆಸುತ್ತಿದ್ದ ನಮ್ಮ ಕಮ್ಯುನಿಸ್ಟರು ಆ ಪ್ರಶ್ನೆಯನ್ನು ತಮ್ಮ ಮೊದಲ ಪ್ರಶ್ನೆಯನ್ನಾಗಿ ಮಾಡಿಕೊಳ್ಳಬೇಕಿತ್ತು ಅಂತ ನಾನು ಇವತ್ತಿಗೂ ನಂಬಿದ್ದೇನೆ. ಬಂಡವಾಳ ಬಂದರೆ ಜಾತಿ ತಾನಾಗಿ ಕರಗುತ್ತದೆ ಅಂತ ತಿಳಿದವರಿಗೆ ಆ ಲಾಳಿಯೊಂದೇ ಸಾಕು ಉತ್ತರಕ್ಕೆ. ಹಳೇ ಸಮಾಜದಿಂದ ತನಗೆ ಅಗ್ಗದ ಕೈ ಒದಗಿಸುವುದನ್ನೆಲ್ಲ ಬಂಡವಾಳ ಹಾಗೇ ಉಳಿಸಿಕೊಳ್ಳುತ್ತದೆ.

ಗಿರಣಿಯಿಂದ ಮೇಲೆ ಹತ್ತಿದರೆ ಅಪ್ರೆಂಟಿಸ್ ಹೌಸ್, 1790ರಲ್ಲಿ ಕಟ್ಟಿದ ಬಿಳಿ ಮನೆ. ಅನಾಥಾಲಯ, ದರಿದ್ರಾಲಯಗಳಿಂದ ತಂದ ಮಕ್ಕಳು ಇಲ್ಲಿದ್ದರು, ಒಂದು ಕಾಲಕ್ಕೆ ತೊಂಬತ್ತರ ಹತ್ತಿರ, ಅದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಒಂದು ಹಾಸಿಗೆಗೆ ಇಬ್ಬರು. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಆಮೇಲೆ ಅಕ್ಷರಾಭ್ಯಾಸ. ಇಲ್ಲಿಗೆ ಗುಂಪಾಗಿ ಹೊತ್ತು ಗೊತ್ತು ಮಾಡಿ ಕರೆದುಕೊಂಡು ಹೋಗುತ್ತಾರೆ, ಆದ್ದರಿಂದ ಬಂದ ಕೂಡಲೇ ಇದಕ್ಕೆ ಹೆಸರು ಹೇಳಿಡಿ. ಗ್ರೆಗ್ ಬೇರೆ ಒಡೆಯರಿಗಿಂತ ಒಳ್ಳೆಯವನು ಅನ್ನುವುದನ್ನು ಅವರು ಹೇಳುತ್ತಾರೆ, ಅದು ಸುಳ್ಳಲ್ಲ. ಮಕ್ಕಳಿಗೆ ವೈದ್ಯರನ್ನು ಇಟ್ಟಿದ್ದ, ತರಕಾರಿ ತೋಟ ಇತ್ತು, ಕೆಲಸಗಾರರ ಕುಟುಂಬಗಳಿಗೆ ಮನೆ, ಶಾಲೆ, ಪ್ರಾರ್ಥನಾ ಮಂದಿರ ಕಟ್ಟಿಸಿದ. ಆ ಮನೆಗಳು ಇಂದಿಗೂ ಹಳ್ಳಿಯಲ್ಲಿವೆ.

ಹಾಗಿದ್ದೂ 1806ರಲ್ಲಿ ಇಬ್ಬರು ಹುಡುಗರು ಇಲ್ಲಿಂದ ಓಡಿಹೋದರು. ಜೋಸೆಫ್ ಸೆಫ್ಟನ್‌ಗೆ ಹದಿನೇಳು, ಥಾಮಸ್ ಪ್ರೀಸ್ಟ್‌ಲಿಗೆ ಹದಿಮೂರು. ಪ್ರೀಸ್ಟ್‌ಲಿಯ ಒಂದು ಬೆರಳು ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಗಾಯ ಮಾಯುವವರೆಗೆ ಮಲಗಿದ್ದಾಗ ಅವನಿಗೆ ಅಮ್ಮನ ನೆನಪಾಯಿತು, ನೋಡಬೇಕು ಅನ್ನಿಸಿತು. ಇಬ್ಬರೂ ನಡೆದೇ ಲಂಡನ್ನಿಗೆ ಹೋದರು. ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಅವರು ಹೇಳಿದ ಮಾತುಗಳನ್ನು ಬರೆದುಕೊಂಡರು, ಅದರಿಂದಲೇ ಇಷ್ಟೂ ನಮಗೆ ಗೊತ್ತು. ಒಳ್ಳೆಯ ಒಡೆಯನ ಗಿರಣಿಯಲ್ಲೂ ಯಂತ್ರ ನಿಲ್ಲುವಂತಿಲ್ಲ, ನಿಂತರೆ ಪಕ್ಕದ ಗಿರಣಿಯವನು ಗೆಲ್ಲುತ್ತಾನೆ. ಒಡೆಯ ಒಳ್ಳೆಯವನೋ ಕೆಟ್ಟವನೋ ಎನ್ನುವುದು ನಮ್ಮ ತಕರಾರಲ್ಲ ಅಂತ ನಮಗೆ ಪಾಠ ಹೇಳಿದ ಹಿರಿಯ ಸಂಗಾತಿಯೊಬ್ಬರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮನೆಯ ಮಹಡಿಯಲ್ಲಿ, ಸಾಲು ಹಾಸಿಗೆಗಳ ಮುಂದೆ, ಅದು ನನಗೆ ಪೂರ್ತಿ ಅರ್ಥವಾಯಿತು.

ಇಂಗ್ಲೆಂಡಿನಲ್ಲಿ 1833ರ ಕಾಯಿದೆ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿ ಗಿರಣಿಗಳಿಂದ ಹೊರಗಿಟ್ಟಿತು. 1847ರಲ್ಲಿ ಹೆಂಗಸರಿಗೂ ಹದಿಹರೆಯದವರಿಗೂ ಹತ್ತು ಗಂಟೆಯ ದಿನ ಬಂತು, ಅದೂ ಕೆಲಸಗಾರರು ವರ್ಷಗಟ್ಟಲೆ ಬೀದಿಗಿಳಿದ ಮೇಲೆ. ನಮ್ಮ ದೇಶಕ್ಕೆ ಮೊದಲ ಫ್ಯಾಕ್ಟರಿ ಕಾಯಿದೆ ಬಂದದ್ದು 1881ರಲ್ಲಿ. ಏಳು ವರ್ಷದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದು ಅಂತ ಅದರಲ್ಲಿತ್ತು.

ಒಂದು ಕೊರತೆ ಹೇಳಬೇಕು ಅಂದರೆ, ಈ ವಸ್ತುಸಂಗ್ರಹಾಲಯದಲ್ಲಿ ಹತ್ತಿ ಬೆಳೆದವರ ಕಥೆಗೆ ಇನ್ನೂ ದೊಡ್ಡ ಜಾಗ ಬೇಕಿತ್ತು. ಇಲ್ಲಿಗೆ ಬರುತ್ತಿದ್ದ ಹತ್ತಿ ಬಹುಪಾಲು ಗುಲಾಮರ ಬೆವರು. ಗ್ರೆಗ್ ಮನೆತನಕ್ಕೆ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುವ ತೋಟವೂ ಇತ್ತು. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ದುಡಿದವರಿಗೆ ಏನೂ ಕೊಡಲಿಲ್ಲ. ಈ ಕಥೆಗೆ ನಮ್ಮ ನಾಡೂ ಸೇರಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಷೈರ್ ಕಣ್ಣು ಹಾಕಿದ್ದು ಭಾರತದ ಮೇಲೆ. ಧಾರವಾಡ ಸೀಮೆಯಲ್ಲಿ ಅದಕ್ಕೂ ಮೊದಲೇ ಅಮೆರಿಕದ ತಳಿಯನ್ನು ಬೆಳೆಸಲು ಶುರುಮಾಡಿದ್ದರು, ಧಾರವಾಡ ಅಮೆರಿಕನ್ ಅಂತಲೇ ಅದಕ್ಕೆ ಹೆಸರು. ಅದನ್ನು ಸಾಗಿಸಲು ಕಾರವಾರದ ಬಂದರಿನ ಮೇಲೆ ಮ್ಯಾಂಚೆಸ್ಟರ್‌ನ ವರ್ತಕರು ಆಸೆ ಇಟ್ಟರು. ಬೆಲೆ ಆಕಾಶಕ್ಕೆ ಏರಿತು, ಯುದ್ಧ ಮುಗಿದ ಕೂಡಲೇ ನೆಲಕ್ಕೆ ಬಿತ್ತು. ಸಾಲ ಮಾಡಿ ಹತ್ತಿ ಹಾಕಿದ ರೈತನ ಗತಿ ಏನಾಗಿರಬಹುದು ಅಂತ ಗದಗ, ಹಾವೇರಿ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷಗಳಲ್ಲಿ ಇನ್ನೊಂದೂ ನಡೆಯಿತು. ಹತ್ತಿ ಇಲ್ಲದೆ ಗಿರಣಿ ನಿಂತು, ಕೂಳಿಲ್ಲದೆ ಕೂತಿದ್ದ ಮ್ಯಾಂಚೆಸ್ಟರ್‌ನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಹೋರಾಡುವ ಲಿಂಕನ್‌ನ ಪರ ನಿಲ್ಲುತ್ತೇವೆ ಅಂತ ಪತ್ರ ಬರೆದರು. ಲಿಂಕನ್ ಮುಂದಿನ ತಿಂಗಳೇ ಉತ್ತರ ಬರೆದ. ನಗರದ ನಡುವೆ ಅವನ ಪ್ರತಿಮೆ ಇದೆ. ನಾನು ಮೂರು ತಿಂಗಳಲ್ಲಿ ಆ ಪ್ರತಿಮೆಯ ಹತ್ತಿರ ನಾಲ್ಕು ಸಲ ಹೋಗಿ ಬಂದೆ.

ಮಧ್ಯಾಹ್ನ ಗಿರಣಿಯ ಕೆಫೆಯಲ್ಲಿ ಚಹಾ ಕುಡಿಯುವಾಗ ಅಳಿಯನಿಗೂ ನನಗೂ ಮಾತಾಯಿತು. ಒಳ್ಳೆಯ ಹುಡುಗ, ಸಾಫ್ಟ್‌ವೇರ್ ಕೆಲಸ. "ಮಾವ, ನೀವು ಬಂಡವಾಳಶಾಹಿಯನ್ನು ಬೈತೀರಿ. ಅದಿಲ್ಲದಿದ್ದರೆ ನಿಮ್ಮಪ್ಪ ಹಳ್ಳಿಯಲ್ಲೇ ಜೀತ ಮಾಡಿಕೊಂಡಿರುತ್ತಿದ್ದರು ಅಲ್ವಾ?" ಅಂದ.

ಅವನ ಮಾತು ನಿಜ. ನನ್ನಪ್ಪ ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ ಅಜ್ಜ ಮಾಡಿದ ಸಾಲಕ್ಕೆ ಜೀತಕ್ಕಿದ್ದವನು. ವರ್ಷಕ್ಕೊಂದು ಕಂಬಳಿ, ಎರಡು ಹೊತ್ತು ಮುದ್ದೆ. ಗೌಡರ ಮನೆಯ ಅಂಗಳದಾಚೆ ಅವನು ಕಾಲಿಟ್ಟವನಲ್ಲ. ಒಂದು ಬರಗಾಲದ ವರ್ಷ ರಾತ್ರೋರಾತ್ರಿ ದಾವಣಗೆರೆಗೆ ನಡೆದುಬಂದು ಮಿಲ್ಲಿನ ಗೇಟಿನಲ್ಲಿ ನಿಂತ. ತಿಂಗಳ ಕೊನೆಗೆ ಎಣಿಸಿ ಕೈಗೆ ಕೊಟ್ಟ ನೋಟಿನಿಂದ ಅವನು ಮೊದಲು ಮಾಡಿದ್ದೇನು ಗೊತ್ತೇ? ಹೋಟೆಲಿಗೆ ಹೋಗಿ ಬೆಂಚಿನ ಮೇಲೆ ಕೂತು ಚಹಾ ಕುಡಿದ. ಬೆಂಚಿನ ಮೇಲೆ ಅನ್ನುವುದನ್ನು ಅವನು ಸಾಯುವವರೆಗೂ ಒತ್ತಿ ಹೇಳುತ್ತಿದ್ದ. ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ 1848ರಲ್ಲೇ ಮಾರ್ಕ್ಸ್, ಏಂಗೆಲ್ಸ್ ಬಂಡವಾಳಶಾಹಿಯ ಆ ಕೆಲಸವನ್ನು ಯಾವ ಬಂಡವಾಳಗಾರನೂ ಹೊಗಳದಷ್ಟು ಹೊಗಳಿದ್ದಾರೆ. ಪಾಳೆಯಗಾರಿಕೆಯ ಬೇಲಿಗಳನ್ನು ಮುರಿದದ್ದು, ಚದುರಿದ್ದ ಜನರನ್ನು ಒಂದೇ ಸೂರಿನಡಿ ತಂದದ್ದು, ಮನುಷ್ಯನ ದುಡಿಮೆಗೆ ಎಷ್ಟು ಶಕ್ತಿ ಇದೆ ಅಂತ ಮೊದಲ ಸಲ ತೋರಿಸಿದ್ದು ಅದೇ. ಇದನ್ನು ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ನಮ್ಮ ಮನೆಯ ಕಥೆಯೇ ಅದು.

ಅಳಿಯನಿಗೆ ನಾನು ಹೇಳಿದ್ದು ಮುಂದಿನ ಮಾತು. ಅಪ್ಪನನ್ನು ಜೀತದಿಂದ ಬಿಡಿಸಿದ ಆ ಮಿಲ್ಲಿನಲ್ಲಿ ಎಂಟು ಗಂಟೆಯ ಪಾಳಿ, ಬೋನಸ್ಸು, ರಜೆ ಯಾವುದೂ ಒಡೆಯ ತಾನಾಗಿ ಕೊಟ್ಟದ್ದಲ್ಲ. ಒಂದೇ ಸೂರಿನಡಿ ಸೇರಿದ ಜನ ಕೇಳಿ ಪಡೆದದ್ದು. ಮಿಲ್ ಕಾರ್ಮಿಕರ ನಾಯಕ ಕಾಮ್ರೇಡ್ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ನಮ್ಮದು. ಆಮೇಲೆ ಲಾಭ ಬೇರೆಡೆ ಹೆಚ್ಚು ಕಂಡಾಗ ಅದೇ ಬಂಡವಾಳ ಎದ್ದು ಹೋಯಿತು. ಯಂತ್ರ ಕೆಟ್ಟಿರಲಿಲ್ಲ, ನಮ್ಮ ಕೈ ಕೆಟ್ಟಿರಲಿಲ್ಲ, ಜನಕ್ಕೆ ಬಟ್ಟೆ ಬೇಡವಾಗಿರಲಿಲ್ಲ. ಸಾವಿರ ಜನ ಸೇರಿ ನಡೆಸುವ ವಸ್ತುವಿನ ಬೀಗದ ಕೈ ಒಂದು ಮನೆಯ ಗೋಡೆಗೆ ನೇತಾಡುತ್ತಿತ್ತು, ಅಷ್ಟೇ. ಈ ಎರಡು ಸಂಗತಿ ಒಟ್ಟಿಗೆ ಬಹಳ ಕಾಲ ಇರಲಾರವು ಅನ್ನುವುದೇ ನಾನು ಕಮ್ಯುನಿಸ್ಟ್ ಆಗಿರುವುದರ ಅರ್ಥ. ಜೀತದ ಕಾಲಕ್ಕೆ ವಾಪಸ್ಸು ಹೋಗಬೇಕು ಅಂತ ನಾನು ಯಾವತ್ತೂ ಹೇಳಿಲ್ಲ. ಮ್ಯೂಲ್ ಮುಂದೆ ಕಣ್ಣು ತುಂಬಿಕೊಂಡು ನಿಂತವನು ರಾಟೆಗೆ ವಾಪಸ್ಸು ಹೋಗು ಅನ್ನುತ್ತಾನೆಯೇ?

"ಹಾಗಾದರೆ ಎಲ್ಲ ದೇಶವೂ ಈ ಹಂತವನ್ನು ಹಾದೇ ಹೋಗಬೇಕಾ? ಈ ಮಕ್ಕಳ ಬೆರಳೂ ಸೇರಿ?" ಅಂತ ಮಗಳು ಕೇಳಿದಳು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದಳು. ನಮ್ಮ ಅಧ್ಯಯನ ಶಿಬಿರಗಳಲ್ಲಿ ರಾತ್ರಿಯೆಲ್ಲ ಜಗಳವಾಡಿದ ಪ್ರಶ್ನೆ ಇದು. ಮೆಟ್ಟಿಲು ಮೆಟ್ಟಿಲಾಗಿ ಹತ್ತಲೇಬೇಕು, ಮೊದಲು ಬಂಡವಾಳಶಾಹಿ ಪೂರ್ತಿ ಹಣ್ಣಾಗಲಿ ಅನ್ನುವವರು ನಮ್ಮಲ್ಲೂ ಇದ್ದರು. ಮಾರ್ಕ್ಸ್ ಕೂಡ 1853ರಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಭಾರತದ ಬಗ್ಗೆ ಬರೆಯುವಾಗ, ಬ್ರಿಟಿಷರು ಇಲ್ಲಿ ಹಳೆಯದನ್ನು ಕೆಡವುವ ಕೆಲಸ ಮತ್ತು ಹೊಸದಕ್ಕೆ ತಳಪಾಯ ಹಾಕುವ ಕೆಲಸ ಎರಡನ್ನೂ ಮಾಡುತ್ತಾರೆ ಅಂತ ಬರೆದ. ಅದೇ ಬರಹದಲ್ಲಿ, ಭಾರತೀಯರು ಆ ನೊಗ ಕಿತ್ತೆಸೆಯುವವರೆಗೆ ಅಥವಾ ಬ್ರಿಟನ್ನಿನಲ್ಲೇ ಕಾರ್ಮಿಕರು ಅಧಿಕಾರ ಹಿಡಿಯುವವರೆಗೆ ಅದರ ಫಲ ಭಾರತೀಯರಿಗೆ ಸಿಗದು ಅಂತಲೂ ಬರೆದ. ಮೊದಲರ್ಧವನ್ನು ಎತ್ತಿ ಹೇಳುವವರು ಎರಡನೆಯದನ್ನು ಮರೆಯುತ್ತಾರೆ. ಮುಂದೆ 1881ರಲ್ಲಿ ವೆರಾ ಜಸೂಲಿಚ್ ಎಂಬ ರಷ್ಯದ ಕ್ರಾಂತಿಕಾರಿ ಹೆಣ್ಣುಮಗಳು ಹೆಚ್ಚುಕಡಿಮೆ ನನ್ನ ಮಗಳ ಪ್ರಶ್ನೆಯನ್ನೇ ಕೇಳಿದಾಗ, ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿನ ಮಟ್ಟಿಗೆ ಮಾತ್ರ ಅಂತ ಮಾರ್ಕ್ಸ್ ಉತ್ತರಿಸಿದ. ನಾನು ಮಗಳಿಗೆ ಹೇಳಿದೆ: ಆ ಬೆರಳನ್ನು ಯಾವ ಲೆಕ್ಕದಲ್ಲೂ ಹಂತದ ಬೆಲೆ ಅಂತ ಬರೆಯಬೇಡ. ಆ ಹುಡುಗ ಯಾವ ಹಂತಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ.

ಅಳಿಯ ಒಪ್ಪಲಿಲ್ಲ. ಚಹಾ ಆರಿತ್ತು, ಇನ್ನೊಂದು ತಂದ.

ನದಿಯ ನೀರಿನಿಂದ ತಿರುಗುವ ದೊಡ್ಡ ಕಬ್ಬಿಣದ ಚಕ್ರವನ್ನು ನೆಲಮಾಳಿಗೆಯಲ್ಲಿ ನೋಡಬಹುದು. ಈಗಿರುವುದು ಯಾರ್ಕ್‌ಷೈರಿನ ಬೇರೊಂದು ಗಿರಣಿಯಿಂದ ತಂದದ್ದು. ಹಬೆ ಎಂಜಿನ್ನುಗಳೂ ಇವೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗಲಿಲ್ಲ, ತಂಡಿ ಹೆಚ್ಚು. ಎಂಜಿನಿಯರಿಂಗ್ ಓದುವ ಮೊಮ್ಮಕ್ಕಳಿದ್ದರೆ ಅವರಿಗೆ ಅರ್ಧ ದಿನ ಬೇಕು.

ಬಿಡುವಿದ್ದರೆ ನಗರದಲ್ಲಿ ಚೆಟಮ್ಸ್ ಲೈಬ್ರರಿಗೂ ಹೋಗಿ ಬನ್ನಿ. 1653ರಲ್ಲಿ ಶುರುವಾದ ಸಾರ್ವಜನಿಕ ಗ್ರಂಥಾಲಯ. ಗೈಡು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಕಿಟಕಿಯ ಪಕ್ಕದ ಒಂದು ಮೂಲೆಯಲ್ಲಿ ಚೌಕದ ಮೇಜಿದೆ, 1845ರ ಬೇಸಿಗೆಯಲ್ಲಿ ಮಾರ್ಕ್ಸ್, ಏಂಗೆಲ್ಸ್ ಒಟ್ಟಿಗೆ ಕೂತು ಓದಿದ ಮೇಜು. ಏಂಗೆಲ್ಸ್‌ನ ತಂದೆ ಪಾಲುದಾರನಾಗಿದ್ದ ನೂಲಿನ ಗಿರಣಿ ಇದೇ ಊರ ಪಕ್ಕದಲ್ಲಿತ್ತು, ಅಲ್ಲಿ ಕೆಲಸ ಕಲಿಯಲು 1842ರಲ್ಲಿ ಬಂದವನು ಕೆಲಸಗಾರರ ಕೇರಿಗಳಲ್ಲಿ ಅಡ್ಡಾಡಿ ಅವರ ಬದುಕಿನ ಬಗ್ಗೆ ಬರೆದ. ಇಪ್ಪತ್ತೈದು ವರ್ಷದ ನಂತರವೂ ಆ ಮೂಲೆ ತನಗೆ ಇಷ್ಟ, ಬಣ್ಣದ ಗಾಜಿನಿಂದಾಗಿ ಅಲ್ಲಿ ಯಾವಾಗಲೂ ಹವೆ ಚೆನ್ನಾಗಿರುತ್ತದೆ ಅಂತ 1870ರಲ್ಲಿ ಮಾರ್ಕ್ಸ್‌ಗೆ ಬರೆದ. ಆ ಊರಿನ ಮೋಡ, ಜಡಿಮಳೆ ಕಂಡ ಮೇಲೆ ಆ ಮಾತಿನಲ್ಲಿರುವ ಅಕ್ಕರೆ ನಿಮಗೆ ತಿಳಿಯುತ್ತದೆ. ಏಂಗೆಲ್ಸ್‌ನ ಕಾಂಕ್ರೀಟು ಪ್ರತಿಮೆಯೂ ಊರಲ್ಲಿದೆ. ಉಕ್ರೇನಿನ ಹಳ್ಳಿಯೊಂದರಲ್ಲಿ ಕಿತ್ತು ಎರಡು ತುಂಡಾಗಿ ಬಿದ್ದಿದ್ದನ್ನು 2017ರಲ್ಲಿ ತಂದು ನಿಲ್ಲಿಸಿದ್ದಾರೆ. ನಾನು ಅದರ ಪಾದ ಮುಟ್ಟಿ ಬಂದೆ.

ಗಿರಣಿಗೆ ಹೋಗುವವರು ಬೆಳಗ್ಗೆಯೇ ಹೋಗಿ. ಗಟ್ಟಿ ಅಟ್ಟೆಯ ಬೂಟು, ಮಳೆ ಕೋಟು ಬೇಕು. ನ್ಯಾಷನಲ್ ಟ್ರಸ್ಟ್ ಸದಸ್ಯರಾದವರ ಮನೆಗೆ ಬಂದಿದ್ದರೆ ಅವರಿಗೆ ಟಿಕೆಟ್ ಖರ್ಚಿಲ್ಲ, ನಿಮಗೆ ಮಾತ್ರ ತಗೊಂಡರೆ ಸಾಕು. ಯಂತ್ರ ನಡೆಸಿ ತೋರಿಸುವ ಹೊತ್ತು ಯಾವುದು ಅಂತ ಬಾಗಿಲಲ್ಲೇ ಕೇಳಿ ಗುರುತು ಹಾಕಿಕೊಳ್ಳಿ. ಗೈಡುಗಳಿಗೆ ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ ಹೇಳಿ, ಇಂಗ್ಲಿಷ್ ಬಾರದಿದ್ದರೆ ಮಕ್ಕಳ ಕೈಲಿ ಹೇಳಿಸಿ. ಅವರು ಕೇಳಿಸಿಕೊಳ್ಳುತ್ತಾರೆ.

ನಮ್ಮ ರಿಂಗ್ ವಿಭಾಗದ ಎರಡನೇ ಪಾಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ: ಅಲ್ಲಿಯ ಮ್ಯೂಲ್‌ನಲ್ಲಿ ನಾನು ಕಂಡ ನೂಲು, ನನ್ನ ಕಣ್ಣಂದಾಜಿಗೆ, ಇಪ್ಪತ್ತನೇ ನಂಬರಿಗಿಂತ ದಪ್ಪ (ನಂಬರು ಏರಿದಷ್ಟೂ ನೂಲು ನಯ). ನಾವು ತೆಗೆಯುತ್ತಿದ್ದ ನಲವತ್ತನೇ ನಂಬರನ್ನು ಆ ಗೈಡಿಗೆ ತೋರಿಸಬೇಕು ಅಂತ ಮನೆಯಲ್ಲಿ ಹಳೇ ಟ್ರಂಕು ಹುಡುಕಿಸುತ್ತಿದ್ದೇನೆ. ನಿಮ್ಮ ಯಾರ ಹತ್ತಿರವಾದರೂ ಒಂದು ಕೋನ್ ಉಳಿದಿದ್ದರೆ ಇಟ್ಟಿರಿ, ಮುಂದಿನ ಸಲ ತಗೊಂಡು ಹೋಗುತ್ತೇನೆ.